ಮಣ್ಣು ಹಡಗು ಹತ್ತಿ ಹೋದ ದೇಶ: ನೌರುವಿನ ಫಾಸ್ಫೇಟ್ ಕಥೆ

ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆಗೆದು ನೌರು ಅಂತ ಹುಡುಕಿ. ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಗೆ ತೀರಾ ಹತ್ತಿರ, ಒಂದು ಚುಕ್ಕೆ ಕಾಣಿಸುತ್ತದೆ. ಹಿಗ್ಗಿಸುತ್ತಾ ಹೋಗಿ. ಚುಕ್ಕೆ ಮೊಟ್ಟೆಯಾಕಾರದ ದ್ವೀಪವಾಗುತ್ತದೆ. ಅಂಚಿನ ಸುತ್ತ ತೆಳ್ಳನೆಯ ಹಸಿರು ಪಟ್ಟಿ. ರಸ್ತೆ, ಮನೆ, ಶಾಲೆ, ವಿಮಾನದ ರನ್‌ವೇ ಎಲ್ಲಾ ಆ ಪಟ್ಟಿಯಲ್ಲೇ ಒತ್ತೊತ್ತಾಗಿ ಕೂತಿವೆ. ಒಳಗೆ ಒಂದು ಪುಟ್ಟ ಕೊಳದ ಸುತ್ತ ಮತ್ತಷ್ಟು ಮನೆಗಳು. ಅದನ್ನು ಬಿಟ್ಟರೆ ನಡುಭಾಗವೆಲ್ಲಾ ಬೂದುಬಣ್ಣ, ಅಲ್ಲಲ್ಲಿ ಕುರುಚಲು. ಯಾರೋ ಉಗುರಿನಿಂದ ಕೆರೆದು ಬಿಟ್ಟ ಹಾಗೆ ಕಾಣುತ್ತದೆ.

ಅದು ಕೆರೆದದ್ದೇ. ನೂರು ವರ್ಷ ಕೆರೆದದ್ದು.

ನೌರು ಒಂದು ಪೂರ್ಣ ಸ್ವತಂತ್ರ ದೇಶ. ವಿಸ್ತೀರ್ಣ ಬರೀ 21 ಚದರ ಕಿಲೋಮೀಟರ್. ಜನ ಸುಮಾರು 12,000. ದ್ವೀಪವನ್ನು ಸುತ್ತುವ ರಸ್ತೆ 19 ಕಿಲೋಮೀಟರ್ ಅಷ್ಟೆ. ಅಧಿಕೃತ ರಾಜಧಾನಿ ಅಂತ ಒಂದು ಊರಿಲ್ಲ. ಯಾರೆನ್ ಎಂಬ ಜಿಲ್ಲೆಯಲ್ಲಿ ಸಂಸತ್ತಿದೆ. ಹತ್ತಿರದ ನೆರೆ ಅಂದರೆ ಪೂರ್ವಕ್ಕೆ 300 ಕಿಲೋಮೀಟರ್ ದೂರದ ಬನಾಬಾ ದ್ವೀಪ. ಈ ದೇಶದ ಲಾಂಛನದಲ್ಲಿ ಒಂದು ಕಡಲಹಕ್ಕಿ ಇದೆ, ಸುರಹೊನ್ನೆಯ ಹೂವಿದೆ, ಅವುಗಳ ಮೇಲೆ ರಂಜಕದ, ಅಂದರೆ ಫಾಸ್ಫೇಟಿನಲ್ಲಿರುವ ಫಾಸ್ಫರಸ್ಸಿನ, ಹಳೆಯ ರಸವಿದ್ಯೆಯ ಗುರುತಿದೆ. ಲಾಂಛನದಲ್ಲಿ ಒಂದು ರಾಸಾಯನಿಕಕ್ಕೆ ಜಾಗ ಕೊಡಬೇಕಾದರೆ ಆ ರಾಸಾಯನಿಕ ಅವರ ಬದುಕಿನಲ್ಲಿ ಎಷ್ಟು ದೊಡ್ಡದಾಗಿರಬೇಕು, ಯೋಚಿಸಿ.

ಖನಿಜ ಒಂದು ದೇಶದ ನೆಲವನ್ನು, ಜನರ ದಿನಚರಿಯನ್ನು ಹೇಗೆ ಬದಲಿಸುತ್ತದೆ ಅನ್ನುವುದನ್ನು ದೊಡ್ಡ ದೇಶಗಳಲ್ಲಿ ಹಿಡಿದು ನೋಡುವುದು ಕಷ್ಟ. ಗಣಿ ಒಂದು ಮೂಲೆಯಲ್ಲಿ, ಅದರ ಹಣ ಇನ್ನೊಂದು ಮೂಲೆಯಲ್ಲಿ, ಧೂಳು ಕುಡಿಯುವವರು ಮತ್ತೆಲ್ಲೋ. ನೌರುವಿನಲ್ಲಿ ಹಾಗಲ್ಲ. ಅಗೆದದ್ದು, ಗಳಿಸಿದ್ದು, ಕಳೆದುಕೊಂಡದ್ದು ಎಲ್ಲವೂ ಒಂದೇ ದಿನದಲ್ಲಿ ನಡೆದು ಮುಗಿಸಬಹುದಾದಷ್ಟು ಜಾಗದಲ್ಲಿ ಸಿಗುತ್ತವೆ.

ಕಲ್ಲಿನ ಸಂದಿಯಲ್ಲಿ ತುಂಬಿದ ಸಂಪತ್ತು

ನೌರು ಕೂತಿರುವುದು ಸಮುದ್ರದೊಳಗಿನ ಒಂದು ಹಳೆಯ ಜ್ವಾಲಾಮುಖಿಯ ತಲೆಯ ಮೇಲೆ. ಅದರ ಮೇಲೆ ಹವಳದ ಜೀವಿಗಳು ಸುಣ್ಣಕಲ್ಲಿನ ದಪ್ಪ ಪದರ ಕಟ್ಟಿದವು. ಮುಂದೆ ನೆಲವೂ ಸಮುದ್ರ ಮಟ್ಟವೂ ಏರಿಳಿದು ಆ ಹವಳದ ದಿಬ್ಬ ನೀರಿನಿಂದ ಹೊರಗೆ ಬಂತು.

ಹೊರಗೆ ಬಂದ ಸುಣ್ಣಕಲ್ಲಿನ ಮೇಲೆ ಮಳೆ ಸುರಿಯಿತು. ಮಳೆನೀರಿನಲ್ಲಿ ಸ್ವಲ್ಪ ಹುಳಿ ಗುಣ ಇರುತ್ತದೆ. ಅದು ಸುಣ್ಣಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಬಿರುಕು ಇದ್ದ ಕಡೆ ಜಾಸ್ತಿ ಕರಗುತ್ತದೆ, ಗಟ್ಟಿ ಇದ್ದ ಕಡೆ ಕಡಿಮೆ. ಸಾವಿರಾರು ವರ್ಷ ಹೀಗೇ ನಡೆದರೆ ಏನಾಗುತ್ತದೆ? ಬಿರುಕುಗಳು ಆಳದ ಗುಂಡಿಗಳಾಗುತ್ತವೆ. ನಡುವೆ ಉಳಿದ ಗಟ್ಟಿ ಭಾಗಗಳು ಮೊನಚಾದ ಕಂಬಗಳಾಗಿ ನಿಲ್ಲುತ್ತವೆ. ದ್ವೀಪದ ಇಡೀ ಒಳಭಾಗ ಬಾಚಣಿಗೆಯನ್ನು ತಲೆಕೆಳಗಾಗಿ ಇಟ್ಟ ಹಾಗಾಯಿತು.

ಆ ಹಲ್ಲುಗಳ ಸಂದಿಯಲ್ಲಿ ತುಂಬಿದ್ದೇ ಫಾಸ್ಫೇಟ್. ಅದು ಎಲ್ಲಿಂದ ಬಂತು ಅನ್ನುವುದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಕಡಲಹಕ್ಕಿಗಳ ಹಿಕ್ಕೆ. ಮೀನು ತಿಂದ ಹಕ್ಕಿಗಳು ಲೆಕ್ಕವಿಲ್ಲದಷ್ಟು ತಲೆಮಾರು ಇಲ್ಲಿ ಬಂದು ಕೂತವು. ಹಿಕ್ಕೆಯಲ್ಲಿದ್ದ ರಂಜಕ ಮಳೆಯೊಂದಿಗೆ ಕೆಳಗಿಳಿದು ಸುಣ್ಣದ ಜೊತೆ ಸೇರಿ ಗಟ್ಟಿ ಫಾಸ್ಫೇಟ್ ಆಯಿತು. ಸಮುದ್ರದ ನೀರು ಮತ್ತು ಅದರ ಸೂಕ್ಷ್ಮಜೀವಿಗಳಿಗೂ ಇದರಲ್ಲಿ ಪಾತ್ರ ಇದೆ ಎಂದು ವಾದಿಸುವ ಭೂವಿಜ್ಞಾನಿಗಳೂ ಇದ್ದಾರೆ. ಅಂತೂ ಸಿಕ್ಕಿದ್ದು ಜಗತ್ತಿನ ಅತ್ಯುತ್ತಮ ದರ್ಜೆಯ ಫಾಸ್ಫೇಟ್.

ಅದಕ್ಕೆ ಯಾಕೆ ಅಷ್ಟು ಬೆಲೆ? ಗಿಡಕ್ಕೆ ಮುಖ್ಯವಾಗಿ ಮೂರು ಪೋಷಕಾಂಶ ಬೇಕು: ಸಾರಜನಕ, ರಂಜಕ, ಪೊಟ್ಯಾಶ್. ಸಾರಜನಕ ಗಾಳಿಯಲ್ಲೇ ತುಂಬಿದೆ. ಕಾರ್ಖಾನೆಯಲ್ಲಿ ಅದನ್ನು ಗೊಬ್ಬರ ಮಾಡಬಹುದು. ರಂಜಕ ಹಾಗಲ್ಲ. ಅದನ್ನು ಹೊಸದಾಗಿ ಮಾಡುವ ದಾರಿ ಇಲ್ಲ. ಅದರ ಜಾಗದಲ್ಲಿ ಬೇರೊಂದನ್ನು ಹಾಕಿ ಬೆಳೆ ತೆಗೆಯುವುದಕ್ಕೂ ಆಗುವುದಿಲ್ಲ. ದೊಡ್ಡ ಪ್ರಮಾಣದಲ್ಲಿ ಬೇಕು ಅಂದರೆ ಕಲ್ಲಿನಿಂದಲೇ ತೆಗೆಯಬೇಕು. ಆಸ್ಟ್ರೇಲಿಯಾದ ನೆಲ ಬಹಳ ಹಳೆಯದು. ಯುಗಗಳ ಮಳೆಗೆ ಅಲ್ಲಿನ ರಂಜಕ ತೊಳೆದುಹೋಗಿದೆ. ಅಂಥ ನೆಲದಲ್ಲಿ ಗೋಧಿ ಬೆಳೆಯಲು, ಕುರಿಗಳಿಗೆ ಹುಲ್ಲು ಬೆಳೆಸಲು ಹೊರಗಿನಿಂದ ರಂಜಕ ಹಾಕಲೇಬೇಕು. ಫಾಸ್ಫೇಟ್ ಕಲ್ಲನ್ನು ಪುಡಿ ಮಾಡಿ ಗಂಧಕಾಮ್ಲದ ಜೊತೆ ಬೆರೆಸಿದರೆ ನೀರಿನಲ್ಲಿ ಕರಗುವ ಸೂಪರ್‌ಫಾಸ್ಫೇಟ್ ಗೊಬ್ಬರ ಸಿಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹುಲ್ಲುಗಾವಲುಗಳು ಹಸಿರಾದದ್ದರಲ್ಲಿ ಈ ಗೊಬ್ಬರದ ಪಾಲು ಬಹಳ ದೊಡ್ಡದು.

ಬಾಗಿಲಿಗೆ ಇಟ್ಟ ಕಲ್ಲು

ಸಿಡ್ನಿಯ ಒಂದು ವ್ಯಾಪಾರಿ ಕಂಪನಿಯ ಕಚೇರಿಯಲ್ಲಿ ಬಾಗಿಲು ಮುಚ್ಚಿಕೊಳ್ಳದ ಹಾಗೆ ಒಂದು ಕಲ್ಲು ಇಟ್ಟಿದ್ದರು. ನೌರುವಿನಿಂದ ಯಾರೋ ತಂದದ್ದು. ಕಲ್ಲಾಗಿಹೋದ ಮರದ ತುಂಡು ಅಂತ ಎಲ್ಲರೂ ತಿಳಿದಿದ್ದರು. ಆಲ್ಬರ್ಟ್ ಎಲ್ಲಿಸ್ ಎಂಬ ನೌಕರನಿಗೆ ಮಾತ್ರ ಅನುಮಾನ ಬಂತು. ಅವನು ಅದನ್ನು ಪರೀಕ್ಷೆ ಮಾಡಿಸಿದ. ಮರವಲ್ಲ, ಉತ್ಕೃಷ್ಟ ಫಾಸ್ಫೇಟ್! 1900ರಲ್ಲಿ ಅವನು ಪೆಸಿಫಿಕ್‌ಗೆ ಹೊರಟ. ಮೊದಲು ಬನಾಬಾದಲ್ಲಿ, ನಂತರ ನೌರುವಿನಲ್ಲಿ ಅದೇ ಕಲ್ಲು ರಾಶಿಯಾಗಿ ಬಿದ್ದಿರುವುದು ಖಚಿತವಾಯಿತು.

ನೌರು ಆಗ ಜರ್ಮನಿಯ ಕೈಯಲ್ಲಿತ್ತು. 1888ರಲ್ಲೇ ಜರ್ಮನಿ ಅದನ್ನು ವಶಪಡಿಸಿಕೊಂಡಿತ್ತು. ಬ್ರಿಟಿಷ್ ಕಂಪನಿಯೊಂದು ಜರ್ಮನಿಯಿಂದ ಹಕ್ಕು ಪಡೆದು ಗಣಿ ಶುರು ಮಾಡಿತು. 1907ರಲ್ಲಿ ಮೊದಲ ಸರಕು ಹೊರಟಿತು. ಆ ನೆಲ ನೌರುವಿನ ಕುಟುಂಬಗಳದ್ದು. ಅವರಿಗೆ ಕೊಟ್ಟದ್ದು ಟನ್ನಿಗೆ ಅರ್ಧ ಪೆನ್ನಿ.

ಮೊದಲ ಮಹಾಯುದ್ಧ ಶುರುವಾದ 1914ರಲ್ಲೇ ಆಸ್ಟ್ರೇಲಿಯಾ ಸೇನೆ ದ್ವೀಪವನ್ನು ಹಿಡಿಯಿತು. ಯುದ್ಧ ಮುಗಿದ ಮೇಲೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಅನ್ನುವ ಸಂಸ್ಥೆ ಮಾಡಿಕೊಂಡವು. ಪಾಲು ಹೀಗಿತ್ತು: ಬ್ರಿಟನ್ 42, ಆಸ್ಟ್ರೇಲಿಯಾ 42, ನ್ಯೂಜಿಲೆಂಡ್ 16 ಪ್ರತಿಶತ. ಕೂಡಿಸಿ ನೋಡಿ. ನೂರು ತುಂಬಿತು. ನೌರುವಿಗೆ ಅಂತ ಒಂದಂಶವೂ ಉಳಿಯಲಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಈ ಸಂಸ್ಥೆ ಲಾಭಕ್ಕೆ ಮಾರುವ ಕಂಪನಿ ಆಗಿರಲಿಲ್ಲ. ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ, ಖರ್ಚಿನ ಬೆಲೆಗೆ, ಆ ದೇಶಗಳ ರೈತರಿಗೆ ಫಾಸ್ಫೇಟ್ ಕೊಡುವುದೇ ಅದರ ಉದ್ದೇಶ. ಕೇಳುವುದಕ್ಕೆ ಒಳ್ಳೆಯದಾಗಿ ಕಾಣುತ್ತದೆ, ಅಲ್ವಾ? ಆದರೆ ಬೆಲೆ ಕಡಿಮೆಯಾದಷ್ಟೂ ನೆಲದ ಒಡೆಯನಿಗೆ ಸಿಗುವ ಪಾಲೂ ಕಡಿಮೆ. ಸಾವಿರಾರು ಕಿಲೋಮೀಟರ್ ಆಚೆಯ ಹೊಲಗಳಿಗೆ ಅಗ್ಗದ ಗೊಬ್ಬರ ಸಿಗಲಿ ಅಂತ ಒಂದು ಪುಟ್ಟ ದ್ವೀಪ ತನ್ನ ನೆಲವನ್ನೇ ರಿಯಾಯಿತಿ ದರದಲ್ಲಿ ಕೊಟ್ಟಂತಾಯಿತು. ಆ ರಿಯಾಯಿತಿ ಕೊಡುತ್ತೀರಾ ಅಂತ ದ್ವೀಪದವರನ್ನು ಯಾರೂ ಕೇಳಿರಲಿಲ್ಲ.

ಅಗೆತ ಹೇಗಿತ್ತು

ಗಣಿ ಅಂದರೆ ನಮಗೆ ಸುರಂಗವೋ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದೊಡ್ಡ ಹೊಂಡವೋ ನೆನಪಿಗೆ ಬರುತ್ತದೆ. ನೌರುವಿನದು ಎರಡೂ ಅಲ್ಲ.

ಮೊದಲು ಮರ ಕಡಿಯುತ್ತಾರೆ. ಸುರಹೊನ್ನೆ, ಕೇದಿಗೆ ಜಾತಿಯ ಪಾಂಡನಸ್, ಬೇರೆ ಕಾಡುಮರ ಎಲ್ಲಾ ಹೋಗುತ್ತವೆ. ಆಮೇಲೆ ಮೇಲಿನ ತೆಳು ಕಪ್ಪು ಮಣ್ಣನ್ನು ಕೆರೆದು ಪಕ್ಕಕ್ಕೆ ಹಾಕುತ್ತಾರೆ. ಈಗ ಕಂಬಗಳ ತುದಿ ಕಾಣುತ್ತವೆ, ನಡುವೆ ಕಂದು ಬಣ್ಣದ ಫಾಸ್ಫೇಟ್. ಸಂದಿಗಳು ಇಕ್ಕಟ್ಟು. ದೊಡ್ಡ ಯಂತ್ರ ಒಳಗೆ ಇಳಿಯುವುದಿಲ್ಲ. ಮೊದಲ ದಶಕಗಳಲ್ಲಿ ಆಳುಗಳೇ ಇಳಿದು ಗುದ್ದಲಿ, ಸಲಿಕೆಯಿಂದ ಬಗೆದು ಬುಟ್ಟಿಯಲ್ಲಿ ಮೇಲೆ ಕಳಿಸುತ್ತಿದ್ದರು. ಚೀನಾದಿಂದ, ಪೆಸಿಫಿಕ್‌ನ ಬೇರೆ ದ್ವೀಪಗಳಿಂದ ಕರೆತಂದ ಕೂಲಿಗಳು ಅವರು. ಆಮೇಲೆ ಕ್ರೇನ್ ಬಂತು. ಕ್ರೇನಿನ ಹಗ್ಗದ ತುದಿಯಲ್ಲಿ ಎರಡು ದವಡೆಯ ಕಬ್ಬಿಣದ ಬಕೆಟ್. ಅದು ಸಂದಿಯೊಳಗೆ ಇಳಿದು, ಬಾಯಿ ಮುಚ್ಚಿ, ತುಂಬಿಕೊಂಡು ಮೇಲೆ ಬರುತ್ತದೆ. ಒಂದು ಗುಂಡಿ ಖಾಲಿಯಾದರೆ ಪಕ್ಕದ್ದು. ಹಲ್ಲಿನ ಸಂದಿಯಿಂದ ಕಡ್ಡಿಯಲ್ಲಿ ತೆಗೆದ ಹಾಗೆ.

ತೆಗೆದದ್ದು ರೈಲಿನಲ್ಲಿ ಕರಾವಳಿಗೆ ಬರುತ್ತಿತ್ತು. ಅಲ್ಲಿ ಪುಡಿ ಮಾಡಿ, ಒಣಗಿಸಿ, ಕಣಜಗಳಲ್ಲಿ ತುಂಬುತ್ತಿದ್ದರು. ಹಡಗಿಗೆ ತುಂಬುವುದು ಇನ್ನೊಂದು ಸಾಹಸ. ನೌರುವಿಗೆ ಸಹಜ ಬಂದರು ಇರಲಿಲ್ಲ. ಹವಳದ ದಂಡೆ ದಾಟಿದ ಕೂಡಲೇ ಸಮುದ್ರ ಕಡಿದು ಇಳಿಯುತ್ತದೆ. ಹಾಗಾಗಿ ದಂಡೆಯ ಆಚೆ, ಆಳದ ನೀರಿನಲ್ಲಿ ಬೋಯೆ ಎಂಬ ತೇಲುವ ಗೂಟಗಳಿಗೆ ಹಡಗು ಕಟ್ಟುತ್ತಿದ್ದರು. ದಡದಿಂದ ಕ್ಯಾಂಟಿಲಿವರ್ ಎಂಬ ಉದ್ದನೆಯ ಉಕ್ಕಿನ ತೋಳು ಅಲೆಗಳ ಮೇಲೆ ಚಾಚಿ, ಒಳಗಿನ ಬೆಲ್ಟಿನ ಮೂಲಕ ಫಾಸ್ಫೇಟನ್ನು ಹಡಗಿನ ಹೊಟ್ಟೆಗೆ ಸುರಿಯುತ್ತಿತ್ತು. ಪಶ್ಚಿಮದ ಗಾಳಿ ಎದ್ದ ತಿಂಗಳುಗಳಲ್ಲಿ ಹಡಗುಗಳು ಹತ್ತಿರ ಬರಲಾಗದೆ ದಿನಗಟ್ಟಲೆ ಕಾಯಬೇಕಿತ್ತು.

ಬಕೆಟ್ ಹೋದ ಮೇಲೆ ಉಳಿದದ್ದು ಕಂಬಗಳು. ಹತ್ತು ಮೀಟರ್, ಕೆಲವು ಕಡೆ ಅದಕ್ಕೂ ಎತ್ತರ. ಮೂರು ಮಹಡಿ ಕಟ್ಟಡದಷ್ಟು. ಮೇಲ್ಮೈ ಚೂಪು, ಒರಟು, ಬೂದು. ನಡುವೆ ಆಳದ ಗುಂಡಿ. ಅದರ ಮೇಲೆ ನಡೆಯಲಾಗದು, ಬಿತ್ತಲಾಗದು, ಮನೆ ಕಟ್ಟಲಾಗದು, ಆಟವಾಡುವ ಮಗುವನ್ನು ಬಿಡಲಾಗದು. ದ್ವೀಪದ ಸುಮಾರು ಐದರಲ್ಲಿ ನಾಲ್ಕು ಪಾಲು ನೆಲ ಹೀಗಾಗಿದೆ. ಅಲ್ಲಿನವರು ಒಳಗಿನ ಈ ಎತ್ತರದ ಭಾಗಕ್ಕೆ ಟಾಪ್‌ಸೈಡ್ ಅನ್ನುತ್ತಾರೆ. ಕರಾವಳಿಯ ಪಟ್ಟಿ ಬಾಟಮ್‌ಸೈಡ್. ಆ ಪಟ್ಟಿಯ ಅಗಲ ಬಹುತೇಕ ಕಡೆ ಕೆಲವೇ ನೂರು ಮೀಟರ್. ಬಹುತೇಕ ಇಡೀ ದೇಶ ಬದುಕುತ್ತಿರುವುದು ಈ ಕೆಲವು ನೂರು ಮೀಟರಿನಲ್ಲಿ.

ನೀರು, ಊಟ, ಮನೆ

ಗಣಿ ನೆಲ ದಿನದ ಬದುಕಿನೊಳಗೆ ಹೇಗೆ ನುಗ್ಗುತ್ತದೆ ಅಂತ ನೋಡಲು ನೀರಿನಿಂದ ಶುರು ಮಾಡೋಣ.

ನೌರುವಿನಲ್ಲಿ ನದಿ ಇಲ್ಲ. ಮಳೆನೀರು ಸುಣ್ಣಕಲ್ಲಿನ ಮೂಲಕ ಸರ್ರನೆ ಇಳಿದುಹೋಗುತ್ತದೆ. ನೆಲದಡಿಯಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ತೆಳು ಪದರವಾಗಿ ತೇಲುತ್ತದೆ. ಸಿಹಿನೀರು ಹಗುರ, ಅದಕ್ಕೇ ಮೇಲೆ ನಿಲ್ಲುತ್ತದೆ. ಜಾಸ್ತಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಜನ ಒತ್ತೊತ್ತಾಗಿ ಇರುವ ಕಡೆ ಶೌಚದ ಗುಂಡಿಗಳ ನೀರೂ ಅದಕ್ಕೆ ಸೇರುತ್ತದೆ. ಹಾಗಾಗಿ ಮನೆ ಮನೆಯ ಚಾವಣಿಯಿಂದ ಟ್ಯಾಂಕಿಗೆ ಮಳೆನೀರು ಹಿಡಿಯುತ್ತಾರೆ. ಆದರೆ ಇದು ಬರ ಬರುವ ದ್ವೀಪ. ತಿಂಗಳುಗಟ್ಟಲೆ ಮಳೆ ಕೈಕೊಟ್ಟರೆ ಟ್ಯಾಂಕ್ ಬತ್ತುತ್ತದೆ. ಫಾಸ್ಫೇಟ್ ತುಂಬಲು ಖಾಲಿ ಬರುವ ಹಡಗುಗಳೇ ಕುಡಿಯುವ ನೀರನ್ನೂ ತುಂಬಿಕೊಂಡು ಬರುತ್ತಿದ್ದ ಕಾಲವಿತ್ತು. ಮಣ್ಣು ಆಚೆ ಹೋಗುತ್ತಿತ್ತು, ನೀರು ಈಚೆ ಬರುತ್ತಿತ್ತು. ಈಗ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಘಟಕಗಳೇ ಆಸರೆ. ಅದಕ್ಕೆ ವಿದ್ಯುತ್ ಬೇಕು. ವಿದ್ಯುತ್ತಿಗೆ ಹೊರಗಿನಿಂದ ಡೀಸೆಲ್ ಬರಬೇಕು. ಒಂದು ಲೋಟ ನೀರಿನ ಹಿಂದೆ ಇಷ್ಟು ಉದ್ದದ ಸರಪಳಿ ಇದೆ. ಮರವಿಲ್ಲದ ಟಾಪ್‌ಸೈಡ್ ಹಗಲಿಡೀ ಕಾದು, ಅಲ್ಲಿಂದ ಏಳುವ ಬಿಸಿಗಾಳಿ ಮಳೆಮೋಡಗಳನ್ನು ಚದುರಿಸುತ್ತದೆ ಎಂದೂ ದ್ವೀಪದಲ್ಲಿ ಹೇಳುತ್ತಾರೆ.

ಊಟದ ವಿಷಯ ಇನ್ನೂ ನೋವಿನದು. ಮೊದಲು ಅಲ್ಲಿನವರ ಆಹಾರ ತೆಂಗು, ಪಾಂಡನಸ್ ಹಣ್ಣು, ಮೀನು. ಒಳಗಿನ ಬುವಾಡಾ ಕೊಳದಲ್ಲಿ ಹೂಮೀನಿನ ಮರಿಗಳನ್ನು ಬಿಟ್ಟು ಸಾಕುತ್ತಿದ್ದರು. ಸಮುದ್ರದಲ್ಲಿ ಹಿಡಿದ ಮರಿಗಳನ್ನು ನಿಧಾನಕ್ಕೆ ಕೊಳದ ನೀರಿಗೆ ಒಗ್ಗಿಸುವುದು ಅವರ ಹಳೆಯ ವಿದ್ಯೆ. ಕೊಳದಲ್ಲಿ ಕುಟುಂಬ ಕುಟುಂಬಕ್ಕೂ ಒಂದೊಂದು ಪಾಲು ಗುರುತು ಮಾಡಿರುತ್ತಿತ್ತು. ಟಾಪ್‌ಸೈಡಿನ ಕಾಡಿನಲ್ಲಿ ನಾಡಿ ಎಂಬ ಕಡಲಹಕ್ಕಿಯನ್ನು ಹಿಡಿಯುತ್ತಿದ್ದರು. ಕಾಡು ಹೋಯಿತು, ಪಾಂಡನಸ್ ಹೋಯಿತು, ಹಕ್ಕಿಗಳ ನೆಲೆ ಕಡಿಮೆಯಾಯಿತು. ಅದೇ ಹೊತ್ತಿಗೆ ಕೈಯಲ್ಲಿ ಹಣ ಬಂತು, ಹಡಗಿನಲ್ಲಿ ಅಕ್ಕಿ, ಸಕ್ಕರೆ, ಡಬ್ಬಿ ಮಾಂಸ ಬಂತು. ಒಂದೆರಡು ತಲೆಮಾರಿನಲ್ಲಿ ತಟ್ಟೆಯೇ ಬದಲಾಯಿತು. 1970ರ ದಶಕದ ನಡುವೆ ನಡೆದ ವೈದ್ಯಕೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಸಕ್ಕರೆ ಕಾಯಿಲೆ ಕಂಡಿತು. ಸಕ್ಕರೆ ಕಾಯಿಲೆಗೆ ಒಂದೇ ಕಾರಣ ಅಂತ ಇರುವುದಿಲ್ಲ. ರಕ್ತದ ಗುಣವೂ ಇದೆ, ಕೂತು ಮಾಡುವ ಕೆಲಸವೂ ಇದೆ. ಆದರೂ ತರಕಾರಿ ಬೆಳೆಯಬಹುದಾದ ಮಣ್ಣೇ ಕೈಬಿಟ್ಟು ಹೋದ ಜಾಗದಲ್ಲಿ, ತಾಜಾ ತಿನ್ನಿ ಅಂತ ಬುದ್ಧಿ ಹೇಳುವುದು ಸುಲಭ, ಪಾಲಿಸುವುದು ಕಷ್ಟ.

ಧೂಳಿನ ಕಥೆ ಬೇರೆ. ಫಾಸ್ಫೇಟ್ ಒಣಗಿಸುವ ಘಟಕದ ಸುತ್ತಲಿನ ಮನೆಗಳ ಚಾವಣಿಯ ಮೇಲೆ ಆ ಪುಡಿ ಕೂರುತ್ತಿತ್ತು. ಅದೇ ಚಾವಣಿಯಿಂದ ಕುಡಿಯುವ ಮಳೆನೀರು ಹಿಡಿಯಬೇಕು.

ನೆಲದ ಒಡೆತನವನ್ನೂ ಖನಿಜ ತನ್ನ ಲೆಕ್ಕಕ್ಕೆ ಎಳೆದುಕೊಂಡಿತು. ನೌರುವಿನಲ್ಲಿ ಬಹುತೇಕ ನೆಲ ಕುಟುಂಬಗಳದ್ದು. ಕರಾವಳಿಯದ್ದಕ್ಕೆ ತೆಂಗಿನ ನೆಲ ಅಂತ, ಒಳಗಿನದ್ದಕ್ಕೆ ಫಾಸ್ಫೇಟ್ ನೆಲ ಅಂತ ಹೆಸರು. ಆಸ್ತಿ ಎಲ್ಲಾ ಮಕ್ಕಳಿಗೂ ಹಂಚಿಹೋಗುತ್ತದೆ. ತಲೆಮಾರು ಕಳೆದಂತೆ ಒಂದೇ ತುಂಡಿಗೆ ಹತ್ತಾರು, ಕೆಲವೊಮ್ಮೆ ಅದಕ್ಕೂ ಎಷ್ಟೋ ಜಾಸ್ತಿ ಪಾಲುದಾರರು. ಫಾಸ್ಫೇಟ್ ಹಣ ಹಂಚಲು ಇದು ಅಡ್ಡಿಯಾಗಲಿಲ್ಲ. ಆದರೆ ಆ ನೆಲವನ್ನು ಸರಿಪಡಿಸಬೇಕು ಅಂದಾಗ ಅಷ್ಟೂ ಜನರ ಒಪ್ಪಿಗೆ ಬೇಕು.

ಕುಡಿಕೆ ಹೊನ್ನು

ಎರಡನೇ ಮಹಾಯುದ್ಧದಲ್ಲಿ ಜಪಾನ್ ದ್ವೀಪವನ್ನು ಹಿಡಿದು ಸುಮಾರು 1,200 ನೌರು ಜನರನ್ನು ದೂರದ ಟ್ರುಕ್ ದ್ವೀಪಗಳಿಗೆ ಕೆಲಸಕ್ಕೆ ಸಾಗಿಸಿತು. 1946ರ ಜನವರಿ 31ರಂದು ಜೀವಂತ ಮರಳಿದವರು 737. ಸರಿಯಾಗಿ 22 ವರ್ಷದ ನಂತರ, 1968ರ ಅದೇ ಜನವರಿ 31ರಂದು, ನೌರು ಸ್ವತಂತ್ರವಾಯಿತು. ಬೇಕೆಂದೇ ಆರಿಸಿಕೊಂಡ ದಿನ ಅದು.

ಸ್ವಾತಂತ್ರ್ಯಕ್ಕೂ ಮೊದಲು ಇನ್ನೊಂದು ದಾರಿ ಅವರ ಮುಂದೆ ಬಂದಿತ್ತು. ಫಾಸ್ಫೇಟ್ ಮುಗಿದ ಮೇಲೆ ಈ ದ್ವೀಪ ವಾಸಕ್ಕೆ ಯೋಗ್ಯವಾಗಿ ಉಳಿಯುವುದಿಲ್ಲ, ಕ್ವೀನ್ಸ್‌ಲೆಂಡ್ ಕರಾವಳಿಯ ಕರ್ಟಿಸ್ ದ್ವೀಪಕ್ಕೆ ಬಂದುಬಿಡಿ ಎಂದು ಆಸ್ಟ್ರೇಲಿಯಾ 1960ರ ದಶಕದಲ್ಲಿ ಹೇಳಿತು. ನೆಲ ಕೊಡುತ್ತೇವೆ, ಆದರೆ ನೀವು ಆಸ್ಟ್ರೇಲಿಯನ್ನರಾಗಬೇಕು. ಮುಂದೆ ದೇಶದ ಮೊದಲ ಅಧ್ಯಕ್ಷರಾದ ಹ್ಯಾಮರ್ ಡಿರೊಬರ್ಟ್ ಅವರ ಮುಂದಾಳತ್ವದಲ್ಲಿ ಜನ ಬೇಡ ಅಂದರು. ಅಗೆದ ನೆಲವಾದರೂ ತಮ್ಮದು ಎಂದು ಉಳಿದರು. ನನಗೆ ಈ ಇಡೀ ಕಥೆಯಲ್ಲಿ ಬಹಳ ದೊಡ್ಡದಾಗಿ ಕಾಣುವುದು ಆ ನಿರ್ಧಾರ.

1970ರಲ್ಲಿ ಗಣಿ ನೌರುವಿನ ಕೈಗೆ ಬಂತು. ಸುಮ್ನೆ ಬರಲಿಲ್ಲ, 2 ಕೋಟಿ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಕೊಳ್ಳಬೇಕಾಯಿತು. ಅಷ್ಟು ಹೊತ್ತಿಗೆ ದ್ವೀಪದ ಮೂರನೇ ಒಂದು ಭಾಗ ಅಗೆದಾಗಿತ್ತು. ಉಳಿದದ್ದನ್ನು ಜಾಗತಿಕ ಬೆಲೆಗೆ ಮಾರಿದಾಗ ಹಣ ಹೊಳೆಯಾಗಿ ಹರಿಯಿತು. ತಲಾ ಆದಾಯದಲ್ಲಿ ನೌರು ಜಗತ್ತಿನ ಮುಂಚೂಣಿಯ ದೇಶಗಳ ಸಾಲಿಗೆ ಸೇರಿತು. ಆದಾಯ ತೆರಿಗೆ ಇಲ್ಲ. ಆಸ್ಪತ್ರೆ, ಶಾಲೆ ಉಚಿತ. ಸ್ವಂತ ವಿಮಾನ ಕಂಪನಿ. ಮೆಲ್ಬರ್ನ್ ನಗರದ ನಡುವೆ 52 ಮಹಡಿಯ ನೌರು ಹೌಸ್. ಗಣಿಯಲ್ಲಿ ದುಡಿಯಲು ಕಿರಿಬಾತಿ, ಟುವಾಲು, ಚೀನಾದ ಜನ.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅನ್ನುವ ಗಾದೆ ಇಲ್ಲಿ ತಟ್ಟನೆ ಬಾಯಿಗೆ ಬರುತ್ತದೆ. ನೌರುವಿನ ಬಗ್ಗೆ ಬರೆಯುವವರು ಬಹಳ ಮಂದಿ ಇದೇ ಧಾಟಿಯಲ್ಲಿ ಬರೆಯುತ್ತಾರೆ: ಹಣ ಬಂತು, ಉಡಾಯಿಸಿದರು, ಬಡವರಾದರು. ಅದು ಅರ್ಧ ಸತ್ಯ. ಕುಡಿಕೆ ಅವರ ಕೈಗೆ ಬರುವ ಮೊದಲು 60 ವರ್ಷ ಬೇರೆಯವರು ಅದರಿಂದ ಉಂಡಿದ್ದರು. ಉಳಿದ ಅರ್ಧವೂ ಇದೆ, ಅದನ್ನೂ ಹೇಳಬೇಕು. ಖನಿಜದ ಆದಾಯ ಸಂಬಳ ಇದ್ದ ಹಾಗಲ್ಲ. ಅದು ಆಸ್ತಿ ಮಾರಿ ಬಂದ ಹಣ. ನೆಲದಡಿಯ ಆಸ್ತಿ ಕರಗಿದಷ್ಟೂ ನೆಲದ ಮೇಲೆ ಬೇರೆ ಆಸ್ತಿ ಬೆಳೆಯಬೇಕು. ನೌರು ಅದಕ್ಕೆ ನಿಧಿ ಕಟ್ಟಿತ್ತು. ಅದು ನೂರು ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತ್ತು ಕೂಡ. ಆದರೆ ಕೆಟ್ಟ ಹೂಡಿಕೆ, ನಂಬಿಸಿ ಮೋಸ ಮಾಡಿದ ಸಲಹೆಗಾರರು, ನಷ್ಟದಲ್ಲಿ ಹಾರಿದ ವಿಮಾನಗಳು, ನಿಧಿಯನ್ನೇ ಅಡವಿಟ್ಟು ತಂದ ಸಾಲ ಎಲ್ಲಾ ಸೇರಿ ಅದನ್ನು ತಿಂದುಹಾಕಿದವು. 2004ರಲ್ಲಿ ನೌರು ಹೌಸ್ ಮಾರಾಟವಾಯಿತು. 2005ರ ಡಿಸೆಂಬರಿನಲ್ಲಿ ಸಾಲಗಾರರು ಕೊನೆಯ ವಿಮಾನವನ್ನೂ ಎಳೆದುಕೊಂಡು ಹೋದರು. ಸರ್ಕಾರದ ಬ್ಯಾಂಕ್ ಮುಳುಗಿ ಜನರ ಉಳಿತಾಯ ಸಿಕ್ಕಿಬಿತ್ತು. ವರ್ಷಗಳ ಕಾಲ ದೇಶದಲ್ಲಿ ಬ್ಯಾಂಕೇ ಇರಲಿಲ್ಲ. ಸಂಬಳ, ವ್ಯಾಪಾರ, ಉಳಿತಾಯ ಎಲ್ಲಾ ನೋಟಿನ ಕಟ್ಟಿನಲ್ಲೇ. ಆಸ್ಟ್ರೇಲಿಯಾದ ಬ್ಯಾಂಕೊಂದರ ಶಾಖೆ ತೆರೆದದ್ದು 2015ರಲ್ಲಿ.

ಇಲ್ಲಿ ಪಕ್ಕದ ಬನಾಬಾವನ್ನು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಅದೇ ಖನಿಜ, ಅದೇ ಮೂವರು ಪಾಲುದಾರರು, ಅದೇ ಅಗೆತ. ಬನಾಬಾ ಸೇರಿದ್ದ ಗಿಲ್ಬರ್ಟ್ ದ್ವೀಪಗಳಲ್ಲಿ 1956ರಲ್ಲೇ ಫಾಸ್ಫೇಟ್ ಹಣದಿಂದ ಒಂದು ಮೀಸಲು ನಿಧಿ ಮಾಡಿದರು. 1979ರಲ್ಲಿ ಬನಾಬಾದ ಫಾಸ್ಫೇಟ್ ಮುಗಿಯಿತು. ಅದೇ ವರ್ಷ ಆ ದೇಶ ಕಿರಿಬಾತಿ ಆಗಿ ಸ್ವತಂತ್ರವಾಯಿತು. ನಿಧಿ ಇಂದಿಗೂ ಇದೆ, ಬಜೆಟ್ಟಿಗೆ ಆಸರೆಯಾಗಿದೆ. ಹಾಗಾದರೆ ಅದು ಗೆದ್ದ ಕಥೆಯೇ? ಬನಾಬಾದವರನ್ನು ಕೇಳಬೇಕು. 1945ರಲ್ಲಿ ಅವರಲ್ಲಿ ಬಹುತೇಕರನ್ನು ಫಿಜಿಯ ರಾಬಿ ಎಂಬ ದ್ವೀಪಕ್ಕೆ ಸಾಗಿಸಿಬಿಟ್ಟಿದ್ದರು. ನಿಧಿ ಉಳಿಯಿತು, ಆದರೆ ಯಾರ ನೆಲದಿಂದ ಅದು ಬಂತೋ ಅವರ ಮಕ್ಕಳು ಮೊಮ್ಮಕ್ಕಳು ಬೇರೆ ದೇಶದಲ್ಲಿದ್ದಾರೆ. ನೌರುವಿನಲ್ಲಿ ನಿಧಿ ಹೋಯಿತು, ಜನ ಅಲ್ಲೇ ಇದ್ದಾರೆ. ಯಾವುದು ಲಾಭ, ಯಾವುದು ನಷ್ಟ ಅಂತ ಒಂದೇ ತಕ್ಕಡಿಯಲ್ಲಿ ತೂಗಲು ನನಗಂತೂ ಸಾಧ್ಯವಾಗಿಲ್ಲ.

ಎತ್ತರದ ನೆಲ

ಹಾಳಾದ ನೆಲವನ್ನು ಸರಿಪಡಿಸುವ ಹೊಣೆ ಯಾರದು? 1986ರಲ್ಲಿ ನೌರು ಇದಕ್ಕಾಗಿ ಒಂದು ಆಯೋಗ ನೇಮಿಸಿತು. ಅಧ್ಯಕ್ಷರು ಶ್ರೀಲಂಕಾದ ಕ್ರಿಸ್ಟೋಫರ್ ವೀರಮಂತ್ರಿ. ಮುಂದೆ ಅವರೇ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1989ರಲ್ಲಿ ನೌರು ಆ ನ್ಯಾಯಾಲಯದಲ್ಲಿ ಆಸ್ಟ್ರೇಲಿಯಾದ ಮೇಲೆ ದಾವೆ ಹೂಡಿತು. ಕೆಲವೇ ಸಾವಿರ ಜನರ ದೇಶ ತನ್ನನ್ನು ಆಳಿದ್ದ ದೇಶವನ್ನು ಕಟಕಟೆಗೆ ಎಳೆಯಿತು. ಈ ದಾವೆ ವಿಚಾರಣೆಗೆ ಯೋಗ್ಯ ಎಂದು 1992ರಲ್ಲಿ ನ್ಯಾಯಾಲಯ ಹೇಳಿತು. ಪೂರ್ಣ ವಿಚಾರಣೆಗೆ ಮೊದಲೇ, 1993ರಲ್ಲಿ, ಆಸ್ಟ್ರೇಲಿಯಾ ರಾಜಿಗೆ ಬಂದು 10 ಕೋಟಿ 70 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 5 ಕೋಟಿ ಡಾಲರನ್ನು 20 ವರ್ಷಗಳ ಕಂತಿನಲ್ಲಿ. ಬ್ರಿಟನ್, ನ್ಯೂಜಿಲೆಂಡ್ ತಲಾ 1 ಕೋಟಿ 20 ಲಕ್ಷ ಸೇರಿಸಿದವು.

ಹಣ ಬಂದರೂ ನೆಲ ಬೇಗ ಸರಿಹೋಗಲಿಲ್ಲ. ಕಂಬಗಳನ್ನು ಒಡೆಯಬೇಕು, ಆ ಕಲ್ಲಿನಿಂದಲೇ ಗುಂಡಿ ತುಂಬಬೇಕು, ಮೇಲೆ ಮಣ್ಣು ಹಾಕಬೇಕು. ಮಣ್ಣು ಎಲ್ಲಿದೆ? ಅಗೆಯುವಾಗ ಪಕ್ಕಕ್ಕೆ ಹಾಕಿದ ಒಂದಷ್ಟು ರಾಶಿ ಬಿಟ್ಟರೆ ದ್ವೀಪದಲ್ಲಿ ಬೇರೆ ಇಲ್ಲ. ಇದರ ನಡುವೆ 2000ದ ದಶಕದ ಮಧ್ಯದಲ್ಲಿ ಎರಡನೇ ಸುತ್ತಿನ ಅಗೆತ ಶುರುವಾಯಿತು. ಮೊದಲ ಸುತ್ತಿನಲ್ಲಿ ಆಳದಲ್ಲಿ, ಸಂದಿಯ ತಳದಲ್ಲಿ ಉಳಿದಿದ್ದ ಫಾಸ್ಫೇಟನ್ನು ಕಂಬಗಳನ್ನು ಸರಿಸಿ ತೆಗೆಯುವುದು. ಅದರಿಂದ ನೆಲ ಅಷ್ಟಿಷ್ಟು ಸಮವೂ ಆಗುತ್ತದೆ ಅನ್ನುವುದು ಒಂದು ಅನುಕೂಲ.

ಫಾಸ್ಫೇಟ್ ಇಳಿದಂತೆ ದೇಶ ಬೇರೆ ಬೇರೆ ದಾರಿ ಹುಡುಕಿತು. ಆಸ್ಟ್ರೇಲಿಯಾಕ್ಕೆ ದೋಣಿಯಲ್ಲಿ ಹೊರಟ ನಿರಾಶ್ರಿತರನ್ನು 2001ರಿಂದ ಇಲ್ಲಿ ಇರಿಸಿಕೊಂಡು ಅದಕ್ಕೆ ಹಣ ಪಡೆಯಿತು. ಈಗ ಮತ್ತೆ ಖನಿಜದ ಕಡೆಗೇ ಕಣ್ಣು ಹೊರಳಿದೆ, ಈ ಸಲ ಸಮುದ್ರದ ತಳದ್ದು. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಆಳಸಮುದ್ರದಲ್ಲಿ ಆಲೂಗಡ್ಡೆ ಗಾತ್ರದ ಗಂಟುಗಳು ಬಿದ್ದಿವೆ. ನಿಕ್ಕಲ್, ಕೋಬಾಲ್ಟ್, ತಾಮ್ರ, ಮ್ಯಾಂಗನೀಸ್ ತುಂಬಿದ ಗಂಟುಗಳು. ವಿದೇಶಿ ಕಂಪನಿಯೊಂದರ ನೌರು ಶಾಖೆಗೆ ಅಲ್ಲಿ ಸುಮಾರು 75,000 ಚದರ ಕಿಲೋಮೀಟರ್ ಹುಡುಕಾಟದ ಹಕ್ಕಿದೆ. ಅಂದರೆ ಇಡೀ ದೇಶದ ಮೂರೂವರೆ ಸಾವಿರ ಪಟ್ಟು. ನಿಯಮ ಬೇಗ ಮಾಡಿ ಎಂದು 2021ರಲ್ಲಿ ನೌರು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ಎರಡು ವರ್ಷದ ಗಡುವಿನ ನೋಟಿಸ್ ಕೊಟ್ಟಿತು. ಅಗೆತದಿಂದ ಇಷ್ಟು ಕಳೆದುಕೊಂಡವರು ಮತ್ತೆ ಅಗೆತಕ್ಕೆ ಯಾಕೆ ಕೈಹಾಕುತ್ತಾರೆ ಎಂದು ಹಲವರು ಕೇಳುತ್ತಾರೆ. ಬಿತ್ತಲು ನೆಲವಿಲ್ಲದ, ಕುಡಿಯಲು ನದಿಯಿಲ್ಲದ, ಮಾರುಕಟ್ಟೆಗಳಿಂದ ಸಾವಿರಾರು ಕಿಲೋಮೀಟರ್ ದೂರದ ದೇಶಕ್ಕೆ ಮಾರಲು ಬೇರೆ ಏನಿದೆ ಅನ್ನುವುದನ್ನೂ ಜೊತೆಗೇ ಕೇಳಿಕೊಳ್ಳಬೇಕು.

ಈ ನಡುವೆ ಸಮುದ್ರ ಏರುತ್ತಿದೆ. ಬಹುತೇಕ ಜನ ಇರುವುದು ಕರಾವಳಿಯ ಪಟ್ಟಿಯಲ್ಲಿ. ಯುದ್ಧಕಾಲದಲ್ಲಿ ಜಪಾನ್ ಹಾಕಿದ ರನ್‌ವೇ ಇರುವುದೂ ಅಲ್ಲೇ. ಪೆಸಿಫಿಕ್‌ನ ತಗ್ಗಿನ ಹವಳ ದ್ವೀಪಗಳಿಗೆ ಹೋಲಿಸಿದರೆ ನೌರು ಪುಣ್ಯ ಮಾಡಿದೆ. ಅವಕ್ಕೆ ಹತ್ತಿ ಹೋಗಲು ಜಾಗವೇ ಇಲ್ಲ. ನೌರುವಿಗೆ ಟಾಪ್‌ಸೈಡ್ ಇದೆ, ಅತಿ ಎತ್ತರದ ಕಡೆ ಸಮುದ್ರದಿಂದ ಸುಮಾರು 65 ಮೀಟರ್ ಮೇಲೆ. ಸರ್ಕಾರ ಹೈಯರ್ ಗ್ರೌಂಡ್ ಅನ್ನುವ ಯೋಜನೆ ಹಾಕಿಕೊಂಡಿದೆ. ಕಾಲಕ್ರಮದಲ್ಲಿ ಮನೆಗಳನ್ನು ಮೇಲಕ್ಕೆ ಸಾಗಿಸುವುದು, ಅಲ್ಲಿ ನೀರು, ತೋಟ, ರಸ್ತೆ ಮಾಡುವುದು. ಹಣ ಹೊಂದಿಸಲು ಹೊರಗಿನವರಿಗೆ ಪೌರತ್ವ ಮಾರುವ ಕಾರ್ಯಕ್ರಮವನ್ನೂ ಶುರು ಮಾಡಿದ್ದಾರೆ. ಮೊದಲ ಹಂತಕ್ಕೆ ಆರಿಸಿಕೊಂಡಿರುವುದು ಸರ್ಕಾರದ ಕೈಯಲ್ಲಿರುವ ಒಂದು ತುಂಡು ಹಳೆಯ ಗಣಿ ನೆಲ. ಮನೆಯ ಪಾಯ ಹಾಕುವ ಮೊದಲು ಅಲ್ಲಿ ಆಗಬೇಕಾದ ಕೆಲಸ ಒಂದೇ: ನಿಂತಿರುವ ಕಂಬಗಳನ್ನು ಒಂದೊಂದಾಗಿ ಒಡೆದು, ಹಿಂದೆ ಖಾಲಿ ಮಾಡಿದ ಗುಂಡಿಗಳನ್ನು ಮತ್ತೆ ತುಂಬುವುದು.